ಸೌದಿ ಕೊಟ್ಟ ಏಟಿನ ನಂತರ ಅರ್ಜೆಂಟೀನಾ ಡಿಫೆನ್ಸ್ ನಿಜಕ್ಕೂ ಸುಧಾರಿಸಿತೇ?

2022ರ ನವೆಂಬರ್ 22, ಕತಾರಿನ ಲುಸೈಲ್ ಸ್ಟೇಡಿಯಂ. 36 ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ಅರ್ಜೆಂಟೀನಾ, ಸೌದಿ ಅರೇಬಿಯಾ ಎದುರು 1-2ರಿಂದ ಸೋತಿತು. 48ನೇ ನಿಮಿಷಕ್ಕೆ ಒಂದು ಗೋಲು, 53ಕ್ಕೆ ಇನ್ನೊಂದು. ಅಲ್ಲಿಂದ 26 ದಿನಕ್ಕೆ ಅದೇ ಮೈದಾನದಲ್ಲಿ ಅದೇ ತಂಡ ಫುಟ್‌ಬಾಲ್ ವಿಶ್ವಕಪ್ ಎತ್ತಿತು. ಈ ನಡುವೆ ಡಿಫೆನ್ಸ್ ಸರಿಹೋಗಿತ್ತೇ? ಅಥವಾ ಕಪ್ ಬಂದ ಖುಷಿಯಲ್ಲಿ ನಾವೇ ಹಾಗೆ ಅಂದುಕೊಂಡೆವೇ? ಎರಡೂ ಕಡೆಯ ವಾದ, ಎರಡು ದನಿಗಳಲ್ಲಿ.

ಪರ: ಬೀಗ ಹಾಕಿದ್ದು ಮಿಡ್‌ಫೀಲ್ಡಿನಲ್ಲಿ

ಗೋಲು ಬಿದ್ದ ಕೂಡಲೇ ನಾವು ಬೈಯುವುದು ಹಿಂದೆ ನಿಂತವರನ್ನು. ಸೌದಿ ಪಂದ್ಯ ಮುಗಿದಾಗ ನಾನೂ ಅದನ್ನೇ ಮಾಡಿದೆ. ಆಮೇಲೆ ಆ ಎರಡನೇ ಗೋಲನ್ನು ಮತ್ತೆ ಮತ್ತೆ ನೋಡಿದೆ. ಗೋಲಿನ ಮುಂದಿನ ಬಾಕ್ಸಿನ ಎಡಗಡೆ ಸೌದಿಯ ಸಲೇಂ ಅಲ್ ದೌಸರಿಗೆ ಬಾಲು ಸಿಗುತ್ತದೆ. ಅವರು ಒಂದು ಸುತ್ತು ತಿರುಗಿ, ಒಳಕ್ಕೆ ನುಗ್ಗಿ, ಬಲಗಾಲಲ್ಲಿ ದೂರದ ಮೂಲೆಗೆ ಬಾರಿಸುತ್ತಾರೆ. ಅರ್ಜೆಂಟೀನಾದವರು ಸುತ್ತಲೂ ಇದ್ದರು. ಕಾಲು ಹಾಕಲು ಬಂದವರೆಲ್ಲ ಅರ್ಧ ಹೆಜ್ಜೆ ತಡ. ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಬೆರಳ ತುದಿ ಬಾಲಿಗೆ ತಾಗಿತು, ಅಷ್ಟೆ.

ಆ ಅರ್ಧ ಹೆಜ್ಜೆಯೇ ರೋಗ. ಕೋಚ್ ಲಿಯೊನೆಲ್ ಸ್ಕಲೋನಿ ಅದನ್ನು ಸರಿಯಾಗಿ ಹಿಡಿದರು. ಮೆಕ್ಸಿಕೊ ಪಂದ್ಯಕ್ಕೆ ಐದು ಬದಲಾವಣೆ ಮಾಡಿದರು. ಹಿಂದೆ ಲಿಸಾಂಡ್ರೊ ಮಾರ್ಟಿನೆಜ್, ನಡುವೆ ಅಲೆಕ್ಸಿಸ್ ಮಾಕ್ ಅಲಿಸ್ಟರ್ ಬಂದರು. ಪೋಲೆಂಡ್ ಪಂದ್ಯಕ್ಕೆ 21 ವರ್ಷದ ಎಂಜೊ ಫರ್ನಾಂಡಿಸ್ ಮಿಡ್‌ಫೀಲ್ಡಿನಲ್ಲಿ, 22ರ ಜೂಲಿಯನ್ ಆಲ್ವರೆಜ್ ಮುಂದೆ. ಸೌದಿ ಎದುರು ಈ ನಾಲ್ವರಲ್ಲಿ ಒಬ್ಬರೂ ಮೊದಲ ಹನ್ನೊಂದರಲ್ಲಿ ಇರಲಿಲ್ಲ.

ಇವರು ಓಡುವ ಹುಡುಗರು. ಬಾಲು ಕಳೆದುಕೊಂಡರೆ ಸುಮ್ನೆ ವಾಪಸ್ ನಡೆದು ಬರುವವರಲ್ಲ. ಆಸ್ಟ್ರೇಲಿಯಾ ಎದುರಿನ ಎರಡನೇ ಗೋಲು ನೆನಪಿದೆಯೇ? ಬಾಲು ಗೋಲ್‌ಕೀಪರ್ ಮ್ಯಾಟ್ ರಯಾನ್ ಕಾಲಲ್ಲಿತ್ತು. ರೊಡ್ರಿಗೊ ಡಿ ಪಾಲ್ ಮೈಮೇಲೆ ಬೀಳುವ ಹಾಗೆ ಓಡಿ ಬಂದರು. ರಯಾನ್ ತಪ್ಪಿಸಿಕೊಳ್ಳಲು ತಿರುಗುವಷ್ಟರಲ್ಲಿ ಆಲ್ವರೆಜ್ ಬಾಲು ಕಿತ್ತುಕೊಂಡು ಖಾಲಿ ಗೋಲಿಗೆ ತಳ್ಳಿದರು. ಲೆಕ್ಕಕ್ಕೆ ಅದು ಅಟ್ಯಾಕ್. ನನ್ನ ಕಣ್ಣಿಗೆ ಅದೇ ಡಿಫೆನ್ಸ್. ಎದುರಾಳಿಗೆ ಅವರ ಮನೆ ಬಾಗಿಲಲ್ಲೇ ಉಸಿರಾಡಲು ಬಿಡದಿದ್ದರೆ ಹಿಂದೆ ನಿಂತ ಡಿಫೆಂಡರ್ ಒಟಮೆಂಡಿ ತನಕ ಬಾಲು ಬರುವುದಾದರೂ ಹೇಗೆ?

ಒಂದೇ ಪಾಠ ಉರುಹೊಡೆದು ಆಡಲಿಲ್ಲ ಅನ್ನುವುದೂ ನನಗೆ ದೊಡ್ಡ ವಿಷಯ. ನೆದರ್ಲೆಂಡ್ಸ್ ಅಂಚುಗಳಿಂದ ನುಗ್ಗುವ ತಂಡ. ಹಾಗಾಗಿ ಆ ದಿನ ಹಿಂದೆ ಐವರು. ಕ್ರೊವೇಷಿಯಾಕ್ಕೆ ಮೊಡ್ರಿಚ್, ಬ್ರೊಜೊವಿಚ್, ಕೊವಾಚಿಚ್ ಮೂವರೇ ಜೀವ. ಅವತ್ತು ಹಿಂದೆ ನಾಲ್ವರು, ಮಿಡ್‌ಫೀಲ್ಡಿನಲ್ಲೂ ನಾಲ್ವರು. ಫಲಿತಾಂಶ 3-0.

ಸೌದಿ ನಂತರದ ಆರು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲುಗಳ ನಿಮಿಷ ಬರೆದುಕೊಳ್ಳಿ: 77, 83, 90+11 (90 ನಿಮಿಷದ ಮೇಲೆ ಸೇರಿಸಿದ ಸಮಯ), 80, 81, 118 (ಸಮಬಲವಾದಾಗ ಆಡಿಸುವ ಹೆಚ್ಚುವರಿ ಅರ್ಧಗಂಟೆ). ಮೊದಲ 75 ನಿಮಿಷಗಳಲ್ಲಿ ಒಂದೂ ಇಲ್ಲ. ಆರು ಪಂದ್ಯ, ಒಂದೂ ಇಲ್ಲ! ಫೈನಲ್‌ನಲ್ಲಿ ಎಂಬಾಪೆ, ಗ್ರೀಜ್‌ಮನ್, ಜಿರೂ ಇದ್ದ ಫ್ರಾನ್ಸ್ ಮೊದಲ ಅರ್ಧದಲ್ಲಿ ಗೋಲಿನತ್ತ ಒಂದು ಹೊಡೆತವನ್ನೂ ಹೊಡೆಯಲಾಗಲಿಲ್ಲ. ಅವರ ಕೋಚ್ 41ನೇ ನಿಮಿಷಕ್ಕೇ ಇಬ್ಬರನ್ನು ಹೊರಗೆ ಕರೆಸಿದರು. ಕಾಲಲ್ಲಿ ಸುಸ್ತು, ಎದುರಿಗೆ ಹತಾಶೆಯಿಂದ ನುಗ್ಗುವ ತಂಡ, ಅಂಥ ಹೊತ್ತಲ್ಲಿ ಗೋಲು ಬೀಳುವುದು ಬೇರೆ. ಅರ್ಧ ಹೆಜ್ಜೆ ತಡವಾಗಿ ಬೀಳುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ವಿರೋಧ: ಒಂದು ಬಿದ್ದರೆ ಎರಡು ಬೀಳುವ ಚಾಳಿ ಹೋಗಲಿಲ್ಲ

ಮೊದಲು ಸೌದಿ ಪಂದ್ಯದ ಬಗ್ಗೆಯೇ ನನ್ನ ತಕರಾರು. ಆವತ್ತು ಸೌದಿ ಗುರಿಯತ್ತ ಇಟ್ಟ ಹೊಡೆತಗಳು ಎರಡೇ. ಎರಡೂ ಗೋಲು. ಇತ್ತ ಅರ್ಜೆಂಟೀನಾದ ಮೂರು ಗೋಲುಗಳು ಮೊದಲ ಅರ್ಧದಲ್ಲಿ ಆಫ್‌ಸೈಡ್ (ಬಾಲು ಬರುವ ಮುಂಚೆಯೇ ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ನಿಂತಿದ್ದು) ಆಗಿ ಹೋದವು. ಅಂದರೆ ಡಿಫೆನ್ಸ್ ಪೂರ್ತಿ 90 ನಿಮಿಷ ಕೆಟ್ಟಿರಲಿಲ್ಲ, ಐದು ನಿಮಿಷ ಕೆಟ್ಟಿತ್ತು. ಒಂದು ಗೋಲು ಬಿದ್ದ ಮೇಲೆ ಸುಧಾರಿಸಿಕೊಳ್ಳುವ ಮುಂಚೆಯೇ ಎರಡನೆಯದು. ಸುಧಾರಣೆ ಆಯಿತೇ ಅಂತ ಕೇಳಿದರೆ ನಾನು ನೋಡುವುದು ಆ ಚಾಳಿಯನ್ನು ಮಾತ್ರ.

ಮೆಕ್ಸಿಕೊ, ಪೋಲೆಂಡ್ ಎದುರು ಗೋಲು ಬೀಳಲಿಲ್ಲ ನಿಜ. ಮೆಕ್ಸಿಕೊ ಕಾಯುತ್ತಾ ಕೂತು ಆಡಿತು. ಪೋಲೆಂಡ್ ಕಥೆ ಇನ್ನೂ ವಿಚಿತ್ರ. 0-2ರಲ್ಲಿ ಹಿಂದಿದ್ದರೂ ಇನ್ನೊಂದು ಗೋಲು ಬೀಳದಿದ್ದರೆ ಸಾಕು ಅನ್ನುವ ಲೆಕ್ಕದಲ್ಲಿ ಕೊನೆಯ ನಿಮಿಷಗಳನ್ನು ತಳ್ಳಿದರು. ಹಾಗೇ ಸೋತು ಮುಂದಿನ ಸುತ್ತಿಗೂ ಹೋದರು. ಬಾಗಿಲು ತಟ್ಟದವರ ಎದುರು ಬೀಗ ಗಟ್ಟಿ ಇತ್ತು ಅಂದರೆ ಏನರ್ಥ?

ತಟ್ಟಿದವರ ಎದುರು ಏನಾಯಿತು? ನೆದರ್ಲೆಂಡ್ಸ್ ಎದುರು 2-0 ಮುಂದಿದ್ದಾಗ ವೌಟ್ ವೆಗ್‌ಹೋರ್ಸ್ಟ್ 83ನೇ ನಿಮಿಷಕ್ಕೆ ತಲೆಯಲ್ಲಿ ಒಂದು ಹಾಕಿದರು. ಆಟ ಮುಗಿಯುವ ಕೊನೇ ಗಳಿಗೆಯಲ್ಲಿ ಬಾಕ್ಸಿನ ಹೊರಗೇ ಫ್ರೀಕಿಕ್ ಬಿಟ್ಟುಕೊಟ್ಟರು. ಎಲ್ಲರೂ ನೇರ ಹೊಡೆತಕ್ಕೆ ಕಾದು ಗೋಡೆ ಕಟ್ಟಿ ನಿಂತಿದ್ದರೆ, ಕೂಪ್‌ಮೈನರ್ಸ್ ಬಾಲನ್ನು ಮೆಲ್ಲಗೆ ನೆಲದ ಮೇಲೆ ಜಾರಿಸಿದರು. ವೆಗ್‌ಹೋರ್ಸ್ಟ್ ಬೆನ್ನಿಗೆ ಎಂಜೊ ಅಂಟಿಕೊಂಡಿದ್ದರೂ ತಿರುಗಿ ಹೊಡೆದರು, 2-2. ಐವರು ಡಿಫೆಂಡರ್‌ಗಳನ್ನು ನಿಲ್ಲಿಸಿ ಆಡಿದ ದಿನವೇ ಇದು!

ಫೈನಲ್ ಇನ್ನೂ ಕೆಟ್ಟದ್ದು. 80ನೇ ನಿಮಿಷಕ್ಕೆ ಒಟಮೆಂಡಿ ಮಾಡಿದ ಫೌಲ್‌ಗೆ ಪೆನಾಲ್ಟಿ, ಎಂಬಾಪೆ ಗೋಲು. 97 ಸೆಕೆಂಡಿಗೆ ಮತ್ತೊಂದು. ಸೌದಿ ಎದುರು ಐದು ನಿಮಿಷ ಹಿಡಿದಿದ್ದು ಇಲ್ಲಿ ಎರಡು ನಿಮಿಷವೂ ಹಿಡಿಯಲಿಲ್ಲ. 75 ನಿಮಿಷ ಚೆನ್ನಾಗಿ ಆಡಿದರು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಪಂದ್ಯ 90 ನಿಮಿಷದ್ದು, ಅಲ್ವಾ? ಕೊನೆಯ ಕಾಲುಗಂಟೆ ಕಾಯುವುದಕ್ಕೇ ಡಿಫೆನ್ಸ್ ಬೇಕಾಗಿರುವುದು.

ಮೊದಲ ಪಂದ್ಯ ಸೋತು ನಿಜವಾಗಿ ಸುಧಾರಿಸಿಕೊಂಡ ತಂಡ ನೋಡಬೇಕಾದರೆ 2010ರ ಸ್ಪೇನ್ ನೋಡಿ. ಸ್ವಿಟ್ಜರ್ಲೆಂಡ್ ಎದುರು 0-1ರಿಂದ ಸೋತರು. ಆಮೇಲಿನ ಆರು ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟಿದ್ದು ಒಂದೇ ಗೋಲು, ಅದೂ ಚಿಲಿಗೆ. ನಾಕೌಟ್‌ನ ನಾಲ್ಕೂ ಪಂದ್ಯ 1-0. ಅರ್ಜೆಂಟೀನಾ ಏಳು ಪಂದ್ಯಗಳಲ್ಲಿ 8 ಗೋಲು ಬಿಟ್ಟುಕೊಟ್ಟು ಕಪ್ ಗೆದ್ದಿತು. ಹಾಗೇ ಕಪ್ ಗೆದ್ದ 2014ರ ಜರ್ಮನಿ ಬಿಟ್ಟುಕೊಟ್ಟಿದ್ದು 4, 2018ರ ಫ್ರಾನ್ಸ್ 6.

ಹುಡುಗರು ಜಾಸ್ತಿ ಓಡಿದರು, ಮಿಡ್‌ಫೀಲ್ಡ್ ಗಟ್ಟಿಯಾಯಿತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಎಲ್ಲರನ್ನೂ ದಾಟಿ ಬಾಲು ಬಂದಾಗ ಉಳಿಸಿದ್ದು ಒಬ್ಬನೇ ಮನುಷ್ಯ. ಆಸ್ಟ್ರೇಲಿಯಾದ 18 ವರ್ಷದ ಗರಂಗ್ ಕುವೊಲ್ ಕೊನೇ ಗಳಿಗೆಯಲ್ಲಿ ಹತ್ತಿರದಿಂದ ಹೊಡೆದಾಗ ತಡೆದವರು ಎಮಿಲಿಯಾನೊ. 2-2 ಆದ ಮೇಲಿನ ಶೂಟೌಟ್‌ನಲ್ಲಿ ನೆದರ್ಲೆಂಡ್ಸ್‌ನ ವ್ಯಾನ್ ಡೈಕ್, ಬರ್ಗ್‌ಹೌಸ್ ಪೆನಾಲ್ಟಿಗಳನ್ನು ತಡೆದವರೂ ಅವರೇ. ಫೈನಲ್‌ನಲ್ಲಿ 3-3 ಆಗಿತ್ತು, 120 ನಿಮಿಷ ದಾಟಿ ಮೂರನೇ ನಿಮಿಷ. ಒಂದು ಉದ್ದ ಬಾಲು ಡಿಫೆಂಡರ್‌ಗಳ ತಲೆ ಮೇಲಿಂದ ಬಂದು ಫ್ರಾನ್ಸ್‌ನ ಕೊಲೊ ಮುವಾನಿ ಮುಂದೆ ಪುಟಿಯಿತು. ಅವರ ಮತ್ತು ಗೋಲಿನ ನಡುವೆ ಡಿಫೆಂಡರ್ ಯಾರೂ ಇಲ್ಲ. ಎಮಿಲಿಯಾನೊ ಎಡಗಾಲು ಚಾಚಿದರು. ಬಾಲು ಕಾಲಿಗೆ ಬಡಿದು ದೂರ ಸಿಡಿಯಿತು.