ಕಚೇರಿಗೂ ಮೊದಲಿನ ಕಚೇರಿ

ಬೆಂಗಳೂರಿನ ಅಠಾರಾ ಕಚೇರಿ ಎಂದರೆ ಹದಿನೆಂಟು ಸರ್ಕಾರಿ ಇಲಾಖೆಗಳಿದ್ದ, ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡ. ಅದರ ಕುರಿತ ಲೇಖನದಲ್ಲಿ ಲೇಖಕರು ಕಥೆಯನ್ನು 1868ರಿಂದ ಆರಂಭಿಸಿ, ಹೈಕೋರ್ಟಿಗೆ ತಂದು ನಿಲ್ಲಿಸಿದ್ದಾರೆ. ಚೆನ್ನಾಗಿದೆ. ಆದರೆ ಆ ಹದಿನೆಂಟು ಇಲಾಖೆಗಳು ಅದಕ್ಕೂ ಮೊದಲು ಎಲ್ಲಿದ್ದವು? ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕದ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ! ಹೈದರಾಲಿ ಆರಂಭಿಸಿ, ಟಿಪ್ಪು 1791ರಲ್ಲಿ ಮುಗಿಸಿದ ಅರಮನೆ ಅದು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡ ಮೇಲೆ ಅಲ್ಲೇ ಸರ್ಕಾರಿ ಕಚೇರಿ ನಡೆಯಿತು. ದರ್ಬಾರು ನಡೆಯುತ್ತಿದ್ದ ತೇಗದ ಕಂಬಗಳ ನಡುವೆ ಗುಮಾಸ್ತರು ಕಂದಾಯದ ಲೆಕ್ಕ ಬರೆಯುತ್ತಿದ್ದುದನ್ನು ಊಹಿಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ. ಜಾಗ ಸಾಲದೆ ಹೋದಾಗಲೇ ಕಬ್ಬನ್ ಉದ್ಯಾನದ ಅಂಚಿನಲ್ಲಿ ಆ ಕೆಂಪು ಕಟ್ಟಡ ಎದ್ದದ್ದು. ಅರಮನೆ ಈಗ ವಸ್ತುಸಂಗ್ರಹಾಲಯ. ಮುಂದಿನ ಬಾರಿ ಕೆ.ಆರ್. ಮಾರುಕಟ್ಟೆಗೆ ಹೋದವರು ಹತ್ತು ನಿಮಿಷ ಅಲ್ಲಿಗೂ ಹೋಗಿ ಬನ್ನಿ.