ಫ್ರಂಟೆಂಡಾ, ಬ್ಯಾಕೆಂಡಾ ಅಂತ ಕೇಳುವ ಮುಂಚೆ

ಬಿಇ ರಿಸಲ್ಟ್ ಬಂತು ಅಂದರೆ ಸಾಕು, ಇನ್‌ಬಾಕ್ಸ್‌ನಲ್ಲಿ ಅದೇ ಪ್ರಶ್ನೆ ಶುರು. "ಅಣ್ಣಾ, ವೆಬ್ ಫೀಲ್ಡ್‌ಗೆ ಬರಬೇಕು ಅಂತಿದ್ದೀನಿ. ಫ್ರಂಟೆಂಡ್ ಕಲೀಲಾ, ಬ್ಯಾಕೆಂಡ್ ಕಲೀಲಾ? ಯಾವುದಕ್ಕೆ ಸ್ಕೋಪ್ ಜಾಸ್ತಿ?" ಫ್ರಂಟೆಂಡ್ ಅಂದರೆ ಸೈಟಿನಲ್ಲಿ ಕಣ್ಣಿಗೆ ಕಾಣುವ ಭಾಗ, ಬ್ಯಾಕೆಂಡ್ ಅಂದರೆ ಹಿಂದೆ ಸರ್ವರ್‌ನಲ್ಲಿ ನಡೆಯುವ ಕೆಲಸ. ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್‌ಹಳ್ಳಿ ಕಡೆ ಹೋದರೆ ಇನ್‌ಸ್ಟಿಟ್ಯೂಟ್ ಬೋರ್ಡುಗಳೇ ಉತ್ತರ ಹೇಳಿಬಿಡುತ್ತವೆ: ಎರಡೂ ಕಲಿಯಪ್ಪ, ಫುಲ್ ಸ್ಟಾಕ್! ಮನೆಯವರು ಫೀಸ್ ಕಟ್ಟುತ್ತಾರೆ. ಹುಡುಗರು ಎಲ್ಲವನ್ನೂ ಒಂದೊಂದು ವಾರ ಮುಟ್ಟಿ ಬಿಡುತ್ತಾರೆ. ಕೊನೆಗೆ ಎಲ್ಲರ ರೆಸ್ಯೂಮೆಯಲ್ಲೂ ಅದೇ ಟು-ಡೂ ಆ್ಯಪ್, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಚಿಕ್ಕ ಆ್ಯಪ್.

ಸ್ಕೋಪ್ ಬಗ್ಗೆ ನಾನು ಮಾತಾಡಲ್ಲ. ಎಂಥ ತಪ್ಪು ಕಂಡರೆ ನಿಮಗೆ ಮೈ ಉರಿಯುತ್ತೆ, ಅದನ್ನು ಹೇಳಿ.

ಎಷ್ಟೋ ಕನ್ನಡ ಸೈಟುಗಳಲ್ಲಿ ನೋಡಿರುತ್ತೀರಿ, "ರಾಷ್ಟ್ರೀಯ" ಅಂತ ದೊಡ್ಡ ಶೀರ್ಷಿಕೆ ಇರುತ್ತೆ, ಕೆಳಗಿನ ಒತ್ತಕ್ಷರಗಳು ಅರ್ಧಕ್ಕೇ ಕತ್ತರಿಸಿ ಹೋಗಿರುತ್ತವೆ. ಬ್ರೌಸರ್‌ನಲ್ಲಿ ಎಫ್12 ಒತ್ತಿ ಒಳಗಿನ ಕೋಡ್ ನೋಡಿದರೆ ಲೈನ್-ಹೈಟ್ (ಸಾಲಿಗೆ ಕೊಟ್ಟ ಎತ್ತರ) 1, ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನು ಮರೆಮಾಡು). ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಡಿಸೈನ್ ಮಾಡಿದವರಿಗೆ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬರುತ್ತೆ ಅನ್ನುವುದು ಹೊಳೆದೇ ಇಲ್ಲ. ಅಲ್ಲೇ 1.6 ಮಾಡಿ ನೋಡಿ, ಅಕ್ಷರ ಪೂರ್ತಿ ಕಾಣುತ್ತೆ. ಇದನ್ನು ನೋಡಿಯೂ ಸುಮ್ನೆ ಮುಂದೆ ಹೋಗಲು ನಿಮಗೆ ಆಗಲ್ಲ ಅಂದರೆ ನಿಮ್ಮ ಜಾಗ ಫ್ರಂಟೆಂಡ್.

ಇನ್ನು ಕೆಲವರಿಗೆ ಇದು ಕಣ್ಣಿಗೇ ಬೀಳಲ್ಲ. ಆದರೆ ಟಿಕೆಟ್ ಬುಕ್ ಮಾಡುವಾಗ ಯುಪಿಐನಲ್ಲಿ ದುಡ್ಡು ಕಟ್ ಆಗಿ ಟಿಕೆಟ್ ಬರಲಿಲ್ಲ ಅಂದರೆ, "ದುಡ್ಡು ಹೋಯ್ತು" ಅನ್ನುವುದಕ್ಕಿಂತ "ಒಳಗೆ ಏನಾಗಿರಬಹುದು?" ಅನ್ನುವ ಯೋಚನೆಯೇ ತಲೆ ತಿನ್ನುತ್ತೆ. ಪಾವತಿ ಆಗಿದೆ, ಉತ್ತರ ಬರುವಷ್ಟರಲ್ಲಿ ನೆಟ್ ಕೈಕೊಟ್ಟಿದೆ, ಗಾಬರಿಯಲ್ಲಿ ಜನ ಮತ್ತೆ ಬಟನ್ ಒತ್ತಿದ್ದಾರೆ. ಇದು ಹೊಸ ಆರ್ಡರಾ, ಹಳೆಯದೇನಾ ಅಂತ ಸರ್ವರ್‌ಗೆ ಗೊತ್ತಾಗುವುದು ಹೇಗೆ? ಎರಡು ಸಲ ಒತ್ತಿದರೂ ಒಂದೇ ಗುರುತಿನ ಸಂಖ್ಯೆ ಹೋಗುವ ಹಾಗೆ ಮಾಡಿ, ಆ ಸಂಖ್ಯೆ ಆಗಲೇ ಬಂದಿದೆಯಾ ಅಂತ ನೋಡಿಕೊಳ್ಳಬೇಕು. ಇಂಥದ್ದರಲ್ಲಿ ಖುಷಿ ಸಿಗುವವರು ಬ್ಯಾಕೆಂಡಿಗೆ ಹೋಗಲಿ.

ಮೂರನೆಯ ದಾರಿಯೊಂದಿದೆ, ಅದರ ಬೋರ್ಡು ನನಗಂತೂ ಎಲ್ಲೂ ಕಂಡಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ (ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಹಾಕಿಕೊಂಡು ನಿಮ್ಮ ಫಾರ್ಮ್ ತುಂಬಬಲ್ಲರಾ ಅಂತ ನೋಡುವ ಕೆಲಸ, ಆ್ಯಕ್ಸೆಸಿಬಿಲಿಟಿ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಅಂತ ಹೇಳಿತು. ಆನ್‌ಲೈನ್ ಕೆವೈಸಿಯಲ್ಲಿ (ಗುರುತು ಪರಿಶೀಲನೆ) ಕಣ್ಣು ಮಿಟುಕಿಸಿ ಅಂದರೆ ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಏನು ಮಾಡಬೇಕು ಅನ್ನುವುದು ಆ ಕೇಸಿನಲ್ಲಿ ಬಂದ ಪ್ರಶ್ನೆ. ಈ ಕೆಲಸ ಗೊತ್ತಿರುವವರು ಕಡಿಮೆ, ಬೇಕಾಗಿರುವ ಕಡೆಗಳು ಜಾಸ್ತಿ ಆಗುತ್ತಿವೆ.

ಟೂಲ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೈಟುಗಳಲ್ಲಿ ಆನಿಮೇಶನ್ ತೋರಿಸುತ್ತಿದ್ದ ಫ್ಲ್ಯಾಶ್ ನಂಬಿ ಬದುಕಿದವರಿದ್ದರು, 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದನ್ನು ಕೈಬಿಟ್ಟಿತು. 2010ರಲ್ಲಿ ಬಂದ ಫ್ರೇಮ್‌ವರ್ಕ್ (ಸೈಟ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು) ಆ್ಯಂಗ್ಯುಲರ್‌ಜೆಎಸ್‌ಗೆ 2021ರ ಕೊನೆಗೆ ಗೂಗಲ್ ಬೆಂಬಲ ನಿಲ್ಲಿಸಿತು. ಡೇಟಾಬೇಸ್‌ನಿಂದ ಮಾಹಿತಿ ಕೇಳುವ 1970ರ ದಶಕದ ಭಾಷೆ ಎಸ್‌ಕ್ಯೂಎಲ್ ಮಾತ್ರ ಇವತ್ತೂ ಅನ್ನ ಹಾಕುತ್ತಿದೆ! ಪುಟ ಬರೆಯುವ ಎಚ್‌ಟಿಎಂಎಲ್, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿ, ಎಸ್‌ಕ್ಯೂಎಲ್ ಗಟ್ಟಿಯಾಗಿ ಕಲಿತವರಿಗೆ ಮುಂದಿನ ಫ್ರೇಮ್‌ವರ್ಕ್ ಹಿಡಿಯುವುದು ಅಂಥ ಕಷ್ಟ ಅಲ್ಲ. ಎಐ ಬಂತಲ್ಲ ಅನ್ನುತ್ತೀರಿ, ನಿಜ. ಟು-ಡೂ ಆ್ಯಪನ್ನು ಅದು ನಿಮಿಷದಲ್ಲಿ ಬರೆದು ಕೊಡುತ್ತೆ. ಹಾಗಾಗಿಯೇ ಅದನ್ನು ತೋರಿಸಿ ಕೆಲಸ ಕೇಳುವುದು ಈಗ ಇನ್ನೂ ಕಷ್ಟ ಆಗಿದೆ.

ಫೀಸ್ ಕಟ್ಟುವ ಮುಂಚೆ ಒಂದು ಭಾನುವಾರ ಕೂತು ನೀವು ದಿನಾ ಬಳಸುವ ಯಾವುದಾದರೂ ಸೈಟ್ ತೆರೆಯಿರಿ. ಏನೇನು ಸರಿ ಇಲ್ಲ, ಯಾಕಿರಬಹುದು ಅಂತ ಬರೆದು ಮೆಸೇಜ್ ಮಾಡಿ. ಕಾಲೇಜು, ಪರ್ಸೆಂಟೇಜ್ ಏನೂ ಬರೆಯಬೇಡಿ, ನಾನು ಕೇಳುವುದೂ ಇಲ್ಲ.