ದೂರಿಗೂ ಆಪ್ತಸಮಾಲೋಚನೆಗೂ ಗಂಟು ಹಾಕಬೇಡಿ
ಪೊಲೀಸ್ ದೂರು ದಾಖಲಾದ ಬಳಿಕವಷ್ಟೇ ಲೈಂಗಿಕ ದೌರ್ಜನ್ಯದ ಸಂತ್ರಸ್ತೆಗೆ ಆಪ್ತಸಮಾಲೋಚನೆ ಆರಂಭಿಸಬೇಕೆಂದು ಲೇಖನವೊಂದರಲ್ಲಿ ಅದರ ಲೇಖಕರು ನೀಡಿರುವ ಸಲಹೆಯನ್ನು ನಾನು ಒಪ್ಪಲಾರೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯು, ಠಾಣೆಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಬಂದವರಿಗೂ ಚಿಕಿತ್ಸೆಯ ಜೊತೆಗೆ ಮಾನಸಿಕ ಬೆಂಬಲ ನೀಡಬೇಕೆನ್ನುತ್ತದೆ; ದೂರು ಕೊಡಬೇಕೋ ಬೇಡವೋ ಎಂಬುದನ್ನು ಭಯ, ನಿದ್ರಾಹೀನತೆ ಮತ್ತು ಮನೆಯವರ ಒತ್ತಡಗಳ ನಡುವೆ ಆಕೆ ಒಬ್ಬಳೇ ನಿರ್ಧರಿಸಬೇಕಾದ ಮೊದಲ ದಿನಗಳಲ್ಲೇ ಆ ಬೆಂಬಲ ಅತ್ಯಗತ್ಯ. (ಮಕ್ಕಳ ಪ್ರಕರಣ ಬೇರೆ: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ.) ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ಸರ್ಕಾರ ತೆರೆದ ‘ಸಖಿ’ ಕೇಂದ್ರಗಳು ಚಿಕಿತ್ಸೆ, ಕಾನೂನು ನೆರವು, ಸಮಾಲೋಚನೆಗಳನ್ನು ಒಂದೇ ಸೂರಿನಡಿ ತರಲೆಂದೇ ಹುಟ್ಟಿದವು. ಆದರೂ ಒಮ್ಮೆ ಮಾತನಾಡಿಸಿ ಕಳುಹಿಸಿದರೆ ಸಾಲದು. ನ್ಯಾಯಾಲಯದಲ್ಲಿ ಪಾಟೀಸವಾಲು ಎದುರಿಸುವಾಗ ಆಘಾತ ಮರುಕಳಿಸಬಹುದಾದ್ದರಿಂದ, ಅಲ್ಲಿಯವರೆಗೂ ಅದೇ ಸಮಾಲೋಚಕಿ ಜೊತೆಗಿರಬೇಕು. ರಾಜಿಗೆ ಒಪ್ಪಿಸುವುದನ್ನು ಸಮಾಲೋಚನೆಯೆಂದು ಯಾರೂ ಕರೆಯಕೂಡದು.